ಆಡದ ಮ್ಯಾಚ್‌ನಲ್ಲಿ ಏರಿದ ಶುಗರ್: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಹುಡುಗಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಯಸ್ಸು, ಆಟ, ಮನೆಯ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಶುಗರ್ ಏರಿಳಿದ ರೀತಿ ಮತ್ತು ನಾವು ತಗೊಂಡ ತೀರ್ಮಾನಗಳು ಮಾತ್ರ ನಡೆದ ಹಾಗೇ ಇವೆ. ಅದರಲ್ಲಿ ನನ್ನ ತಪ್ಪು ತೀರ್ಮಾನಗಳೂ ಸೇರಿವೆ.

ಹಿನ್ನೆಲೆ

ಅವಳಿಗೆ 19 ವರ್ಷ. 11ನೇ ವಯಸ್ಸಿನಿಂದ ಟೈಪ್ 1 ಡಯಾಬಿಟಿಸ್. ಅಂದರೆ ಅವಳ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನು ಹೆಚ್ಚುಕಮ್ಮಿ ಪೂರ್ತಿ ನಿಲ್ಲಿಸಿದೆ. ರಾತ್ರಿ ಒಂದು ಸಲ 20 ಯೂನಿಟ್ ಬೇಸಲ್ ಇನ್ಸುಲಿನ್ (ದಿನವಿಡೀ ನಿಧಾನವಾಗಿ ಕೆಲಸ ಮಾಡುವಂಥದ್ದು), ಪ್ರತಿ ಊಟಕ್ಕೆ ಮುಂಚೆ ಬೇಗ ಕೆಲಸ ಮಾಡುವ ಇನ್ನೊಂದು ಇನ್ಸುಲಿನ್. ಲೆಕ್ಕ ಚೆನ್ನಾಗಿ ಗೊತ್ತು. ಒಂದು ಯೂನಿಟ್ ತಗೊಂಡರೆ ಶುಗರ್ ಸುಮಾರು 45 ಇಳಿಯುತ್ತದೆ ಅನ್ನುವುದು ಬಾಯಿಪಾಠ. (ಇಲ್ಲಿ ಬರುವ ಶುಗರ್ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಗ್ಲೂಕೋಸ್ ಅನ್ನುವ ಲೆಕ್ಕ.) ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ರಕ್ತಪರೀಕ್ಷೆ, 7.4. ಅವಳ ವಯಸ್ಸಿಗೆ ಅದು ಕೆಟ್ಟದ್ದೇನಲ್ಲ.

ವಾರಕ್ಕೆ ಐದು ದಿನ ಸಂಜೆ ಬ್ಯಾಡ್ಮಿಂಟನ್ ಅಭ್ಯಾಸ. ಅಭ್ಯಾಸದ ದಿನಗಳಲ್ಲಿ ತೊಂದರೆ ಇರಲಿಲ್ಲ. 160ರಲ್ಲಿ ಶುರು ಮಾಡಿದರೆ ಮುಗಿಸುವಾಗ 90, 95. ಮಧ್ಯದಲ್ಲಿ ಎರಡು ಮೂರು ಗ್ಲೂಕೋಸ್ ಮಾತ್ರೆ ಬಾಯಿಗೆ ಹಾಕಿಕೊಂಡರೆ ಆಯಿತು. ಆಟ ಆಡಿದರೆ ಶುಗರ್ ಇಳಿಯುತ್ತದೆ, ಇದು ಎಲ್ಲರೂ ಹೇಳುವ ಮಾತು. ಅವಳ ಅನುಭವವೂ ಅದೇ ಆಗಿತ್ತು.

ಸಮಸ್ಯೆ

ಟೂರ್ನಿಗಳಲ್ಲಿ ಆಡಲು ಶುರು ಮಾಡಿದ ಮೇಲೆ ಎಲ್ಲ ತಲೆಕೆಳಗಾಯಿತು. ಮ್ಯಾಚ್ ಮುಗಿಸಿ ನೋಡಿದರೆ 270. ಮುಂದಿನ ಸಲ 290. ಅದರ ಮುಂದಿನ ಸಲ 310. ಅದೇ ಅಂಕಣ, ಅದೇ ಆಟ, ಅದೇ ಒಂದು ಒಂದೂವರೆ ಗಂಟೆ ಬೆವರು.

ಮನೆಯಲ್ಲಿ ಮೊದಲು ಬಂದ ಅನುಮಾನ ತಿಂಡಿಯ ಮೇಲೆ. ಅಮ್ಮ ಅವಳ ಬ್ಯಾಗ್ ತೆಗೆದು ನೋಡಿದ್ದರಂತೆ. ಇದನ್ನು ನನ್ನ ಮುಂದೆ ಹೇಳುವಾಗ ಹುಡುಗಿಯ ಕಣ್ಣು ತುಂಬಿತು. "ಮೇಡಂ, ನಾನೇನೂ ತಿಂದಿಲ್ಲ. ಯಾರೂ ನಂಬ್ತಿಲ್ಲ" ಅಂದಳು. ಅಮ್ಮ ತಲೆ ತಗ್ಗಿಸಿ, "ಇಲ್ಲ ಡಾಕ್ಟ್ರೇ, ಭಯಕ್ಕೆ ಹಂಗಂದೆ. ಮತ್ತೆ ಹೆಂಗೆ ಏರುತ್ತೆ ಹೇಳಿ?" ಅಂದರು.

ನಾನೂ ಪೂರ್ತಿ ನಂಬಲಿಲ್ಲ ಅನ್ನುವುದನ್ನು ಇಲ್ಲಿ ಬರೆಯಲೇಬೇಕು. ಕದ್ದು ತಿಂದಿದ್ದಾಳೆ ಅಂತ ಅಂದುಕೊಳ್ಳಲಿಲ್ಲ, ಆದರೆ ಆಟದ ಮಧ್ಯೆ ಲೋ (ಶುಗರ್ ತೀರಾ ಇಳಿಯುವುದು) ಆಗಬಹುದೆಂಬ ಹೆದರಿಕೆಗೆ ಗ್ಲೂಕೋಸ್ ಜಾಸ್ತಿ ತಗೊಳ್ಳುತ್ತಿರಬೇಕು ಅಂದುಕೊಂಡೆ. ಇದು ಆಟಗಾರರಲ್ಲಿ ತುಂಬಾ ಸಾಮಾನ್ಯ. ಅಷ್ಟಕ್ಕೇ ನಿಂತು, ಮೂರು ಸಲಹೆ ಕೊಟ್ಟೆ. ಮ್ಯಾಚ್‌ಗೆ ಮುಂಚಿನ ತಿಂಡಿ ಕಮ್ಮಿ ಮಾಡು. ಹಿಂದಿನ ರಾತ್ರಿ ಬೇಸಲ್ 22 ಯೂನಿಟ್ ತಗೋ. ಏರಿದರೆ ಲೆಕ್ಕದ ಪ್ರಕಾರ ಇನ್ಸುಲಿನ್ ತಗೊಂಡು ಪೂರ್ತಿ ಸರಿಪಡಿಸು.

ಮೊದಲ ಪ್ರಯತ್ನ, ಮತ್ತು ಆ ರಾತ್ರಿ

ಮುಂದಿನ ಟೂರ್ನಿಯಲ್ಲಿ ಅವಳು ಹೇಳಿದ ಹಾಗೇ ಮಾಡಿದಳು. ಶುಗರ್ ಮಾತ್ರ ನನ್ನ ಮಾತು ಕೇಳಲಿಲ್ಲ. ಸಂಜೆ ಆರೂವರೆಗೆ ಕೊನೆಯ ಮ್ಯಾಚ್ ಮುಗಿದಾಗ 290. ನಾಲ್ಕು ಯೂನಿಟ್ ತಗೊಂಡಳು. ಒಂದು ಗಂಟೆ ಬಿಟ್ಟು ನೋಡಿದರೆ ಇನ್ನೂ 260. ಗಾಬರಿಯಾಗಿ ಮತ್ತೆ ಮೂರು ಯೂನಿಟ್. ಎಂಟೂವರೆಗೆ ಊಟ, ಅದಕ್ಕೆ ಎಂದಿನ ಡೋಸ್. ರಾತ್ರಿ ಹನ್ನೊಂದಕ್ಕೆ 118. ಸರಿಹೋಯಿತು ಅಂತ ಮಲಗಿದಳು.

ರಾತ್ರಿ 1.40ಕ್ಕೆ ಅಮ್ಮನಿಗೆ ಎಚ್ಚರವಾದದ್ದು ಮಗಳು ಏನೋ ಅಸ್ಪಷ್ಟವಾಗಿ ಗೊಣಗುವುದು ಕೇಳಿ. ಮೈಯೆಲ್ಲ ಒದ್ದೆ. ತಲೆದಿಂಬು ಹಿಂಡಿದರೆ ನೀರು ಬರುವಷ್ಟು ಬೆವರು. ಕರೆದರೆ ಕಣ್ಣು ಬಿಡುತ್ತಾಳೆ, ಗುರುತು ಹಿಡಿಯುವುದಿಲ್ಲ. ಮೀಟರ್‌ನಲ್ಲಿ 46. ಎತ್ತಿ ಕೂರಿಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಹಣ್ಣಿನ ರಸ ಕುಡಿಸಿದರು. ನುಂಗುತ್ತಿದ್ದಳು, ಅದು ಪುಣ್ಯ. ನುಂಗಲಾಗದ ಸ್ಥಿತಿಯಲ್ಲಿ ಬಾಯಿಗೆ ಏನನ್ನೂ ಹಾಕುವ ಹಾಗಿಲ್ಲ, ಆಗ ಶುಗರ್ ಏರಿಸುವ ಹಾರ್ಮೋನ್ ಆದ ಗ್ಲುಕಗಾನ್ ಇಂಜೆಕ್ಷನ್ ಬೇಕು. ಅವರ ಮನೆಯಲ್ಲಿ ಅದು ಇರಲಿಲ್ಲ. ಇಟ್ಟುಕೊಳ್ಳಿ ಅಂತ ನಾನು ಹೇಳಿರಲೂ ಇಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಾರನೇ ದಿನ ಸಂಜೆ ಅವಳು ಎಂದಿನಂತೆ ಅಭ್ಯಾಸಕ್ಕೆ ಹೋದಳು. ಅರ್ಧ ಗಂಟೆಯಲ್ಲಿ ಶುಗರ್ 58. ಕೈ ನಡುಗಲಿಲ್ಲ, ಎದೆ ಹೊಡೆದುಕೊಳ್ಳಲಿಲ್ಲ. ಶಟಲ್ ಎರಡಾಗಿ ಕಾಣಿಸಿದಾಗಲೇ ಅವಳಿಗೆ ಗೊತ್ತಾದದ್ದು.

ಇದು ಆಕಸ್ಮಿಕವಲ್ಲ. ಒಂದು ಸಲ ಜೋರಾಗಿ ಲೋ ಆದರೆ, ಮುಂದಿನ ದಿನ ದೇಹದ ಎಚ್ಚರಿಕೆಯ ಹಾರ್ಮೋನ್‌ಗಳು ಮಂಕಾಗುತ್ತವೆ. ಅಡ್ರಿನಲಿನ್ ಎಷ್ಟು ಹೊರಬರಬೇಕೋ ಅಷ್ಟು ಬರುವುದಿಲ್ಲ. ನಡುಕ, ಎದೆಬಡಿತ, ತಣ್ಣನೆ ಬೆವರು ಇವೆಲ್ಲ ದೇಹ ಕೊಡುವ ಎಚ್ಚರಿಕೆ. ಅದೇ ಇಲ್ಲದಿದ್ದರೆ ಕುರುಡಾಗಿ ಆಡಿದ ಹಾಗೆ. ಇನ್ನೊಬ್ಬರ ಸಹಾಯ ಬೇಕಾಗುವಷ್ಟು ಲೋ ಆದವರು ಮುಂದಿನ 24 ಗಂಟೆ ವ್ಯಾಯಾಮ ಮಾಡಬಾರದು ಅಂತ ನಿಯಮ ಇರುವುದೇ ಇದಕ್ಕೆ. ಅವಳಿಗೆ ಅದನ್ನು ಮೊದಲೇ ಹೇಳಿರಬೇಕಿತ್ತು.

ಆಡದೇ ಏರಿದ ದಿನ

ಎರಡನೇ ಭೇಟಿಯಲ್ಲಿ ನಾನು ಡೋಸ್ ಮಾತಾಡಲಿಲ್ಲ. ಬೇಸಲ್ ಅನ್ನು 20ಕ್ಕೇ ವಾಪಸ್ ತಂದೆ. ಒಂದು ಸಣ್ಣ ನೋಟ್‌ಬುಕ್ ಇಡಲು ಹೇಳಿದೆ. ಎದ್ದಾಗ, ಮನೆ ಬಿಡುವಾಗ, ಅಂಕಣಕ್ಕೆ ಇಳಿಯುವ ಮುಂಚೆ, ಮುಗಿದ ಕೂಡಲೇ, ಆಮೇಲೆ ಒಂದೂವರೆ ಗಂಟೆಗೆ. ಶುಗರ್ ಪಕ್ಕದಲ್ಲಿ ಒಂದು ಸಾಲು: ಮನಸ್ಸು ಹೇಗಿದೆ, ಕೈ ಬೆವರಿದೆಯಾ, ಎದೆ ಹೊಡೆದುಕೊಳ್ಳುತ್ತಿದೆಯಾ.

ಮೂರನೇ ಟೂರ್ನಿಯ ಪುಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳಿಗ್ಗೆ 6.30ಕ್ಕೆ 138. ಏಳಕ್ಕೆ ತಿಂಡಿ, ಎಂದಿನ ಇನ್ಸುಲಿನ್. 9.30ಕ್ಕೆ 146. ಅಂಕಣದ ಪಕ್ಕ ಕೂತಾಗ, 10.40ಕ್ಕೆ 198. ಎದುರಾಳಿ ಬರಲಿಲ್ಲ. ಕಾದರು. 11.30ಕ್ಕೆ ವಾಕೋವರ್ ಅಂತ ಘೋಷಿಸಿದರು. ಆಗ 236. ಪಕ್ಕದಲ್ಲಿ ಅವಳ ಕೈಬರಹ: "ಒಂದು ಶಟಲ್ ಕೂಡ ಹೊಡೆದಿಲ್ಲ. ಏನೂ ತಿಂದಿಲ್ಲ. ರಾಕೆಟ್ ಹಿಡಿ ಒದ್ದೆ."

ಎಲ್ಲಕ್ಕೂ ಉತ್ತರ ಆ ಸಾಲಲ್ಲೇ ಇತ್ತು. ಆಟ ಇಲ್ಲ, ಊಟ ಇಲ್ಲ, ಆದರೂ 90 ಏರಿದೆ. ಇದ್ದದ್ದು ಒಂದೇ, ಆತಂಕ.

ಅಮ್ಮ ಆ ಪುಟವನ್ನು ಎರಡು ಸಲ ಓದಿದರು. ಮಗಳ ಕಡೆ ತಿರುಗಿ, "ತಪ್ಪಾಯ್ತು ಪುಟ್ಟಾ" ಅಂದರು. ನನ್ನ ಕೆಲಸದಲ್ಲಿ ಅಂಕಿಗಳು ಮನುಷ್ಯರ ನಡುವಿನ ಗಂಟನ್ನು ಬಿಡಿಸುವುದು ಅಪರೂಪ. ಅವತ್ತು ಬಿಡಿಸಿದವು.

ಒಳಗೆ ನಡೆಯುವುದೇನು

ಇದು ಹೊಸ ಸಂಗತಿಯಲ್ಲ, ನೂರು ವರ್ಷಕ್ಕಿಂತ ಹಳೆಯದು. ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್, ಹೆದರಿದ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳುವುದನ್ನು ಗಮನಿಸಿದ್ದರು. 1913ರಲ್ಲಿ ಹಾರ್ವರ್ಡ್ ಫುಟ್‌ಬಾಲ್ ತಂಡದ ಋತುವಿನ ಕೊನೆಯ, ತುಂಬಾ ರೋಚಕವಾದ ಪಂದ್ಯ ಮುಗಿದ ಕೂಡಲೇ 25 ಆಟಗಾರರ ಮೂತ್ರ ಪರೀಕ್ಷೆ ಮಾಡಲಾಯಿತು. 12 ಜನರಲ್ಲಿ ಸಕ್ಕರೆ ಇತ್ತು. ಆ 12 ಜನರಲ್ಲಿ ಐವರು ಮೈದಾನಕ್ಕೆ ಇಳಿದೇ ಇರಲಿಲ್ಲ, ಕರೆ ಬರಬಹುದೆಂದು ಕಾದು ಕೂತಿದ್ದ ಬದಲಿ ಆಟಗಾರರು. ನನ್ನ ಮುಂದೆ ಕೂತ ಹುಡುಗಿ ಅವರ ಸಾಲಿಗೇ ಸೇರಿದವಳು.

ಆತಂಕವಾದ ಕೂಡಲೇ ಮಿದುಳಿನಿಂದ ನರಗಳ ಮೂಲಕ ಸಂದೇಶ ಹೋಗುತ್ತದೆ. ಕಿಡ್ನಿಗಳ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಯ ಒಳಭಾಗ ಸೆಕೆಂಡುಗಳಲ್ಲಿ ಅಡ್ರಿನಲಿನ್ ಸುರಿಸುತ್ತದೆ. ಅಡ್ರಿನಲಿನ್ ಲಿವರ್‌ಗೆ ಹೇಳುವುದು ಒಂದೇ ಮಾತು: ಕಣಜ ತೆಗಿ. ನಮ್ಮ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ನಾಲ್ಕೈದು ಗ್ರಾಂ, ಒಂದು ಟೀ ಚಮಚದಷ್ಟು. ಲಿವರ್‌ನ ಕಣಜದಲ್ಲಿ ಗ್ಲೈಕೋಜನ್ ರೂಪದಲ್ಲಿ ಸುಮಾರು 100 ಗ್ರಾಂ ಇರುತ್ತದೆ. ಬಾಗಿಲು ಸ್ವಲ್ಪ ಸಡಿಲವಾದರೂ ಸಾಕು, ರಕ್ತದ ಶುಗರ್ ಮೇಲೇರಲು.

ಅಡ್ರಿನಲಿನ್ ಹಿಂದೆಯೇ ಒತ್ತಡದ ಇನ್ನೊಂದು ಹಾರ್ಮೋನ್, ಕಾರ್ಟಿಸೋಲ್ ಬರುತ್ತದೆ. ಇದರ ದಾರಿ ಉದ್ದ. ಮಿದುಳಿನ ಹೈಪೋಥಲಮಸ್‌ನಿಂದ ಪಿಟ್ಯುಟರಿಗೆ, ಪಿಟ್ಯುಟರಿಯಿಂದ ರಕ್ತದ ಮೂಲಕ ಅಡ್ರಿನಲ್ ಗ್ರಂಥಿಯ ಹೊರಪದರಕ್ಕೆ. ಅದಕ್ಕೇ ಒತ್ತಡ ಶುರುವಾಗಿ 20–30 ನಿಮಿಷಕ್ಕೆ ಇದು ಶಿಖರ ಮುಟ್ಟುತ್ತದೆ. ಇನ್ಸುಲಿನ್ ಕೆಲಸವನ್ನು ಗಂಟೆಗಟ್ಟಲೆ ಮಂದ ಮಾಡುತ್ತದೆ. ನಾಲ್ಕು ಯೂನಿಟ್ ಹಾಕಿಯೂ ಒಂದು ಗಂಟೆಯಲ್ಲಿ ಬರೀ 30 ಇಳಿದದ್ದಕ್ಕೆ ಒಂದು ಕಾರಣ ಇದು. ಇನ್ನೊಂದು, ಇನ್ಸುಲಿನ್‌ಗೆ ಕೆಲಸ ಮಾಡಲು ನಾವು ಸಮಯವನ್ನೇ ಕೊಟ್ಟಿರಲಿಲ್ಲ.

ವ್ಯಾಯಾಮ ಮಾಡಿದರೂ ಇದೇ ಹಾರ್ಮೋನ್‌ಗಳು ಏರುತ್ತವೆ. ಅಡ್ರಿನಲಿನ್, ಕಾರ್ಟಿಸೋಲ್, ಗ್ಲುಕಗಾನ್, ಗ್ರೋತ್ ಹಾರ್ಮೋನ್, ಎಲ್ಲ ಅವೇ. ವ್ಯತ್ಯಾಸ ಇರುವುದು ಖರ್ಚಿನಲ್ಲಿ. ಸಾಧಾರಣ ವೇಗದಲ್ಲಿ ಓಡುವಾಗ ಲಿವರ್ ಕೊಟ್ಟದ್ದನ್ನು ಸ್ನಾಯುಗಳು ಹಿಡಿದು ಉರಿಸುತ್ತವೆ. ಸಂಕುಚಿಸುತ್ತಿರುವ ಸ್ನಾಯುವಿಗೆ ಗ್ಲೂಕೋಸ್ ಒಳಗೆ ತಗೊಳ್ಳಲು ಇನ್ಸುಲಿನ್ ಅಪ್ಪಣೆಯೂ ಬೇಕಿಲ್ಲ, ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಬೆಂಚಿನ ಮೇಲೆ ಕೂತು ಹೆದರಿದರೆ? ಲಿವರ್ ಸುರಿಯುತ್ತಲೇ ಇರುತ್ತದೆ, ತಗೊಳ್ಳುವವರು ಯಾರೂ ಇಲ್ಲ.

ಇನ್ನೊಂದು ಮಜಲು ಇದೆ. ಉಸಿರು ಕಟ್ಟುವಷ್ಟು ಜೋರಾಗಿ ಆಡಿದಾಗ ಲಿವರ್‌ನಿಂದ ಹೊರಬರುವ ಗ್ಲೂಕೋಸ್ ಏಳೆಂಟು ಪಟ್ಟು ಏರುತ್ತದೆ, ಸ್ನಾಯುಗಳು ಬಳಸುವುದು ಮೂರು ನಾಲ್ಕು ಪಟ್ಟು ಮಾತ್ರ. ಹಾಗಾಗಿ ಶುಗರ್ ಏರುತ್ತದೆ, ಡಯಾಬಿಟಿಸ್ ಇಲ್ಲದವರಲ್ಲೂ ಸ್ವಲ್ಪ ಏರುತ್ತದೆ. ಅವರಲ್ಲಿ ಆಟ ನಿಂತ ಕೂಡಲೇ ಇನ್ಸುಲಿನ್ ಜಿಗಿದು ಬಂದು ಅದನ್ನು ಕೆಳಗಿಳಿಸುತ್ತದೆ. ನಮ್ಮ ಹುಡುಗಿಗೆ ಆ ಜಿಗಿತ ಇಲ್ಲ. ಅವಳ ದೇಹದಲ್ಲಿ ಹಾರ್ಮೋನ್ ಮಾಡಿದ್ದೆಲ್ಲ ಮೀಟರ್‌ನಲ್ಲಿ ಬರೆದಿಟ್ಟ ಹಾಗೆ ಕಾಣುತ್ತದೆ. ನಮಗೂ ನಿಮಗೂ ಒಳಗೆ ಇದೇ ನಡೆಯುತ್ತಿರುತ್ತದೆ, ಕಾಣುವುದಿಲ್ಲ ಅಷ್ಟೇ.

ಒಂದು ಪರೀಕ್ಷೆ

ವಾಕೋವರ್ ಒಂದೇ ದಿನದ ಸಂಗತಿ. ಅದರ ಮೇಲೆ ಪೂರ್ತಿ ಭಾರ ಹಾಕಲು ನನಗೆ ಮನಸ್ಸಿರಲಿಲ್ಲ. ಕೋಚ್ ಜೊತೆ ಮಾತಾಡಿ, ನೋಡುವವರಿಲ್ಲದ, ಸೋಲು ಗೆಲುವಿಲ್ಲದ ಎರಡು ಅಭ್ಯಾಸದ ದಿನ ಗೊತ್ತು ಮಾಡಿದೆವು. ಮಧ್ಯಾಹ್ನದ ಊಟ ಒಂದೇ, ಸಮಯ ಒಂದೇ. ಮೊದಲ ದಿನ 40 ನಿಮಿಷ ಒಂದೇ ಹದದ ರ್‍ಯಾಲಿ. 164ರಿಂದ 97ಕ್ಕೆ ಇಳಿಯಿತು. ಎರಡನೇ ದಿನ 30 ಸೆಕೆಂಡಿನ ಪೂರ್ತಿ ಶಕ್ತಿಯ ಓಟ, ನಡುವೆ ವಿರಾಮ, ಹೀಗೆ 12 ಸುತ್ತು. 158ರಿಂದ 219ಕ್ಕೆ ಏರಿತು. ಎರಡು ವಾರ ಬಿಟ್ಟು ಮತ್ತೆ ಮಾಡಿದೆವು. 152ರಿಂದ 88, 149ರಿಂದ 201.

ಅಂದರೆ ಅವಳಲ್ಲಿ ಏರಿಕೆಗೆ ಎರಡು ದಾರಿ. ಮನಸ್ಸಿನದು ಒಂದು, ಸ್ನಾಯುವಿನದು ಇನ್ನೊಂದು. ಮ್ಯಾಚ್ ದಿನ ಎರಡೂ ಒಟ್ಟಿಗೆ ತೆರೆದುಕೊಳ್ಳುತ್ತಿದ್ದವು. ಅಭ್ಯಾಸದ ದಿನ ಎರಡೂ ಹೆಚ್ಚುಕಮ್ಮಿ ಮುಚ್ಚಿರುತ್ತಿದ್ದವು.

ಈ ಕೆಲಸಕ್ಕೆ ಬೆರಳು ಚುಚ್ಚಿ ನೋಡುವ ಮೀಟರನ್ನೇ ನಂಬಿದೆವು. ತೋಳಿಗೆ ಅಂಟಿಸುವ ಸೆನ್ಸರ್ ಚರ್ಮದ ಕೆಳಗಿನ ದ್ರವದಲ್ಲಿ ಅಳೆಯುತ್ತದೆ. ಶುಗರ್ ಸರಸರ ಬದಲಾಗುವಾಗ ಅದು ಕೆಲವು ನಿಮಿಷ ಹಿಂದೆ ಬೀಳುತ್ತದೆ. ರಾತ್ರಿಯ ಕಾವಲಿಗೆ ಮಾತ್ರ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಎರಡು ವಾರಕ್ಕೆ ಹಾಕಿಸಿ, ಮಲಗುವಾಗ ಅಲಾರಂ ಇಟ್ಟೆವು.

ಬದಲಾದ ತೀರ್ಮಾನಗಳು

ಎಲ್ಲಕ್ಕಿಂತ ಕಷ್ಟವಾದದ್ದು, ಏರಿದ ಅಂಕಿ ನೋಡಿ ಸುಮ್ನೆ ಇರುವುದನ್ನು ಕಲಿಯುವುದು. ಎಂಟು ವರ್ಷದಿಂದ 290 ಕಂಡರೆ ಇನ್ಸುಲಿನ್ ಪೆನ್ ಹಿಡಿಯುವುದು ಅವಳಿಗೆ ಅಭ್ಯಾಸ. ನಾವೇ ಕಲಿಸಿದ್ದು ತಾನೇ. ಈಗ ನಾನೇ ತಡಿ ಅನ್ನಬೇಕಾಯಿತು. ಅಡ್ರಿನಲಿನ್ ಕೆಲವೇ ನಿಮಿಷದ ಅತಿಥಿ. ಅದು ಹೋದ ಮೇಲೆ ಲಿವರ್ ಬಾಗಿಲು ಮುಚ್ಚುತ್ತದೆ. ಆದರೆ ಸ್ನಾಯುಗಳು ಖಾಲಿಯಾದ ತಮ್ಮ ಉಗ್ರಾಣ ತುಂಬಿಕೊಳ್ಳಲು ಮುಂದಿನ ಎಷ್ಟೋ ಗಂಟೆ ಗ್ಲೂಕೋಸ್ ಎಳೆದುಕೊಳ್ಳುತ್ತಲೇ ಇರುತ್ತವೆ, ಇನ್ಸುಲಿನ್‌ಗೆ ಎಂದಿಗಿಂತ ಚುರುಕಾಗಿ ಸ್ಪಂದಿಸುತ್ತವೆ. ಈ ಚುರುಕು ಒಂದೆರಡು ದಿನವೂ ಉಳಿಯಬಹುದು. ಸಂಜೆಯ 290ಕ್ಕೆ ಕೊಟ್ಟ ಪೂರ್ತಿ ಡೋಸ್, ರಾತ್ರಿಯ ಇನ್ನೊಂದೇ ದೇಹಕ್ಕೆ ಹೋಗಿ ಸೇರುತ್ತದೆ. ಆ 46 ಬಂದದ್ದು ಹೀಗೆ.

ಹಾಗಾಗಿ ಮ್ಯಾಚ್ ಮುಗಿದ ಮೇಲೆ ಮೊದಲು 15 ನಿಮಿಷ ನಿಧಾನ ನಡಿಗೆ. ಆಮೇಲೆ ಅಳತೆ. ಆಗಲೂ 250ರ ಮೇಲಿದ್ದರೆ ಕೀಟೋನ್ (ಇನ್ಸುಲಿನ್ ಸಾಲದಾದಾಗ ಕೊಬ್ಬು ಕರಗಿ ರಕ್ತಕ್ಕೆ ಸೇರುವ ಆಮ್ಲ) ನೋಡುವುದು, ಲೆಕ್ಕದ ಅರ್ಧ ಡೋಸ್ ಮಾತ್ರ ತಗೊಳ್ಳುವುದು. ಮೂರು ಗಂಟೆ ಒಳಗೆ ಮತ್ತೊಂದು ಸರಿಪಡಿಸುವ ಡೋಸ್ ಇಲ್ಲವೇ ಇಲ್ಲ. ದಿನವಿಡೀ ಮ್ಯಾಚ್ ಇದ್ದ ರಾತ್ರಿ ಬೇಸಲ್ 20ರ ಬದಲು 16. ನಾನು ಮೊದಲು ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ಮನೆಯಲ್ಲಿ ಗ್ಲುಕಗಾನ್ ಬಂತು, ಹೇಗೆ ಕೊಡಬೇಕು ಅಂತ ಅಮ್ಮ ಕಲಿತರು. ಈ ಅಂಕಿಗಳು ಅವಳ ಮೈಗೆ, ಅವಳ ಆಟಕ್ಕೆ ಹೊಂದಿಸಿದವು. ಓದಿದವರು ಹಾಗೇ ತಮಗೆ ಹಾಕಿಕೊಳ್ಳಬಾರದು, ನಿಮ್ಮ ಡಾಕ್ಟರ ಜೊತೆ ಕೂತು ನಿಮ್ಮ ನೋಟ್‌ಬುಕ್ ನೋಡಿಯೇ ಹೊಂದಿಸಿಕೊಳ್ಳಬೇಕು. ಏರಿಕೆಯೆಲ್ಲ ಅಡ್ರಿನಲಿನ್‌ನದೇ ಅಂತಲೂ ಅಲ್ಲ. ಡೋಸ್ ತಪ್ಪಿದ್ದರೆ, ಜ್ವರ ಇದ್ದರೆ, ರಕ್ತದ ಕೀಟೋನ್ ಲೀಟರಿಗೆ 1.5 ಮಿಲಿಮೋಲ್ ದಾಟಿದ್ದರೆ ಅದು ಬೇರೆ ವಿಷಯ. ಆಗ ಆಡಲೇಬಾರದು, ಕೂಡಲೇ ಚಿಕಿತ್ಸೆ ಬೇಕು.

ಆತಂಕಕ್ಕೆ ಏನು ಮಾಡಿದೆವು? ಮೊದಲು ಹತ್ತು ನಿಮಿಷ ನಿಧಾನ ಉಸಿರಾಟ. ಮನಸ್ಸಿಗೆ ಹಿತ ಅನಿಸುತ್ತದೆ ಅಂದಳು, ಆದರೆ ಶುಗರ್‌ನಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ಕೆಲಸಕ್ಕೆ ಬಂದದ್ದು ಬೇರೆ. ಬೆಂಚಿನ ಮೇಲೆ ಕೂತು ಕಾಯುವುದನ್ನು ಬಿಟ್ಟು 20 ನಿಮಿಷ ಹಗುರ ಓಟ, ಸುಲಭದ ರ್‍ಯಾಲಿ. ಮಾತಾಡುತ್ತಾ ಮಾಡಬಹುದಾದಷ್ಟು ಹಗುರ. ಅಷ್ಟು ಕಮ್ಮಿ ಶ್ರಮಕ್ಕೆ ಕಾರ್ಟಿಸೋಲ್ ಹೆಚ್ಚುಕಮ್ಮಿ ಏರುವುದೇ ಇಲ್ಲ. ಆದರೆ ಹೆದರಿಕೆ ಸುರಿಸಿದ ಗ್ಲೂಕೋಸ್‌ಗೆ ಉರಿಯಲು ಜಾಗ ಸಿಗುತ್ತದೆ.

ಏನಾಯಿತು

ನಾಲ್ಕು ತಿಂಗಳಲ್ಲಿ ಆರು ಟೂರ್ನಿ. ಮ್ಯಾಚ್ ಮುಗಿದಾಗಿನ ಶುಗರ್ 200ರಿಂದ 235ರ ಒಳಗೆ ನಿಂತಿತು. ರಾತ್ರಿ ಒಂದು ಸಲ 66ಕ್ಕೆ ಇಳಿಯಿತು, ಅಲಾರಂ ಕೂಗಿತು, ತಾನೇ ಎದ್ದು ಗ್ಲೂಕೋಸ್ ತಗೊಂಡಳು. ಇನ್ನೊಬ್ಬರು ಎಬ್ಬಿಸಬೇಕಾದ ರಾತ್ರಿ ಮತ್ತೆ ಬರಲಿಲ್ಲ. ಎಚ್‌ಬಿಎ1ಸಿ 7.4ರಿಂದ 7.2. ಬರೀ ಅದನ್ನು ನೋಡಿದವರಿಗೆ ಇಲ್ಲಿ ಏನೂ ನಡೆದೇ ಇಲ್ಲ ಅನಿಸುತ್ತದೆ. ಮೂರು ತಿಂಗಳ ಸರಾಸರಿಯಲ್ಲಿ ಒಂದು ಸಂಜೆಯ 290, ಒಂದು ರಾತ್ರಿಯ 46 ಎರಡೂ ಕರಗಿ ಹೋಗುತ್ತವೆ.

ನನ್ನ ಕೆಲಸದ ರೀತಿಯೂ ಬದಲಾಯಿತು. ಕಾರಣ ಗೊತ್ತಿಲ್ಲದ ಏರಿಕೆ ಕಂಡಾಗ "ಏನು ತಿಂದೆ?" ಅನ್ನುವ ಪ್ರಶ್ನೆಯನ್ನು ಈಗ ಮೊದಲು ಕೇಳುವುದಿಲ್ಲ. "ಆ ಹೊತ್ತಿಗೆ ಏನು ನಡೀತಾ ಇತ್ತು?" ಅಂತ ಕೇಳುತ್ತೇನೆ. ಉತ್ತರದಲ್ಲಿ ಪರೀಕ್ಷೆ ಬರುತ್ತದೆ, ಜಗಳ ಬರುತ್ತದೆ, ನಿದ್ದೆ ಇಲ್ಲದ ರಾತ್ರಿ ಬರುತ್ತದೆ. ತಿಂಡಿಯೂ ಬರುತ್ತದೆ, ಅದು ಇಲ್ಲ ಅಂತಲ್ಲ. ಆದರೆ ಮೊದಲ ಪ್ರಶ್ನೆಯಲ್ಲೇ ಅನುಮಾನ ಇದ್ದರೆ ಮಿಕ್ಕ ಯಾವ ಉತ್ತರವೂ ಹೊರಗೆ ಬರುವುದಿಲ್ಲ. ಎಷ್ಟು ಏರಿತು ಅನ್ನುವುದರ ಜೊತೆಗೆ, ಸ್ನಾಯು ಅದನ್ನು ಖರ್ಚು ಮಾಡುತ್ತಿತ್ತಾ, ಮುಂದಿನ ಹತ್ತು ಗಂಟೆ ಏನು ಮಾಡಲಿದೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಂಡೇ ಡೋಸ್ ಹೇಳುತ್ತೇನೆ.

ಒಂದು ವಿಷಯ ಇನ್ನೂ ಪೂರ್ತಿ ಸರಿಹೋಗಿಲ್ಲ. ಕಾಲೇಜು ಪರೀಕ್ಷೆಯ ದಿನ ಅವಳ ಶುಗರ್ ಈಗಲೂ ಏರುತ್ತದೆ. ಅಲ್ಲಿ ಮೂರು ಗಂಟೆ ಕೂತೇ ಇರಬೇಕು ಅಲ್ವಾ, ಖರ್ಚಿಗೆ ದಾರಿಯೇ ಇಲ್ಲ. ಹೋದ ತಿಂಗಳು ಪರೀಕ್ಷೆಗೆ ಅರ್ಧ ಗಂಟೆ ಇರುವಾಗ ಅವಳಿಂದ ಮೆಸೇಜ್ ಬಂತು. "ಮೇಡಂ, 214. ಕೀಟೋನ್ ಇಲ್ಲ. ಡೋಸ್ ತಗೊಂಡಿಲ್ಲ. ಕಾರಿಡಾರ್‌ನಲ್ಲಿ ಓಡಾಡ್ತಾ ಓದ್ತಿದೀನಿ." ಬೆಲ್ ಹೊಡೆಯುವ ಮುಂಚೆ ಇನ್ನೊಂದು ಮೆಸೇಜ್ ಬಂತು: 187.